ಎಕ್ಸ್, ಸೊನ್ನೆ ಮತ್ತು ಕೊಬ್ಬರಿ ಅಟ್ಟ: ಹಳೆಯ ಚಾರ್ಟೊಂದು ತುಮಕೂರಿಗೆ ಬಂದ ದಾರಿ

ಕಾಯುವುದು ಹೇಗೆಂದು ತಿಪಟೂರಿನ ತೆಂಗು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಟ್ಟ ಸೇರಿದ ಕಾಯಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಬೇಕು. ಆಮೇಲೂ ಹರಾಜಿನ ದರ ಹಿಡಿಸದಿದ್ದರೆ ಮೂಟೆ ಮನೆಯಲ್ಲೇ ಉಳಿಯುತ್ತದೆ. ಇದೇ ಜಿಲ್ಲೆಯಲ್ಲಿ ಈಗ ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಷೇರುಪೇಟೆಯ ಸೂಚ್ಯಂಕ ನಿಫ್ಟಿಯನ್ನು ನೋಡುವ ಹುಡುಗರಿದ್ದಾರೆ. ಷೇರಿನ ದರ ಏರಿದರೆ ಎಕ್ಸ್, ಇಳಿದರೆ ಸೊನ್ನೆ ಬರೆಯುವ ಪಾಯಿಂಟ್ ಅಂಡ್ ಫಿಗರ್ ಚಾರ್ಟ್ ಅವರಲ್ಲಿ ಕೆಲವರ ಕೈಗೂ ಬಂದಿದೆ. ಸಣ್ಣಪುಟ್ಟ ಏರಿಳಿತದ ಗದ್ದಲ ಸೋಸಿ ತೆಗೆದ ಚಾರ್ಟ್ ಎಂದು ಕಲಿಸುವವರು ಹೊಗಳುತ್ತಾರೆ, ಅಜ್ಜಂದಿರ ಕಾಲದ್ದು ಎಂದು ದರವನ್ನು ಮೇಣದಬತ್ತಿಯ ಆಕಾರದಲ್ಲಿ ಬಿಡಿಸುವ ಕ್ಯಾಂಡಲ್ ಚಾರ್ಟ್ ನಂಬಿದವರು ನಗುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಈ ಚಾರ್ಟ್ ಹುಟ್ಟಿದ್ದು ಅಮೆರಿಕದಲ್ಲಿ. ಷೇರು ದರಗಳನ್ನು ಮುದ್ರಿಸುವ ಟಿಕರ್ ಯಂತ್ರ ಉಗುಳುವ ಕಾಗದದ ಪಟ್ಟಿಯಿಂದ ದರಗಳನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವ ರೂಢಿ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಇತ್ತು. ಚಾರ್ಲ್ಸ್ ಡೌ 1901ರಲ್ಲಿ ತಮ್ಮ ಪತ್ರಿಕೆ ವಾಲ್ ಸ್ಟ್ರೀಟ್ ಜರ್ನಲ್‌ನ ಸಂಪಾದಕೀಯದಲ್ಲಿ ಅದನ್ನು 'ಪುಸ್ತಕ ವಿಧಾನ' ಎಂದು ಕರೆದರು. ಮೊದಲು ಬರೆಯುತ್ತಿದ್ದುದು ಅಂಕಿಗಳನ್ನೇ, ಎಕ್ಸ್ ಮತ್ತು ಸೊನ್ನೆ ಆಮೇಲೆ ಬಂದವು. 1940ರ ದಶಕದ ಕೊನೆಯಲ್ಲಿ ಚಾರ್ಟ್ ಪ್ರಕಾಶಕ ಏಬ್ ಕೋಹೆನ್, ದರ ಮೂರು ಚೌಕದಷ್ಟು ತಿರುಗಿದರೆ ಮಾತ್ರ ಹೊಸ ಕಂಬ ಎಂಬ ನಿಯಮವನ್ನು ಜನಪ್ರಿಯಗೊಳಿಸಿದರು. ಆಮೇಲಿನ ಐವತ್ತು ವರ್ಷ ಅದೇ ನಿಯಮದ ತೇಪೆ, ತಿದ್ದುಪಡಿ.

ನನಗೆ ಇದರ ಪರಿಚಯವಾದದ್ದು 1990ರ ದಶಕದಲ್ಲಿ. ತುಮಕೂರಿನವರಿಗೆ ಹತ್ತಿರದ ಷೇರು ವಿನಿಮಯ ಕೇಂದ್ರವೆಂದರೆ ಬೆಂಗಳೂರಿನದು, 1963ರಲ್ಲಿ ಶುರುವಾಗಿ 2014ರಲ್ಲಿ ಬಾಗಿಲು ಹಾಕಿದ್ದು. ನಮಗೆ ಮಾತ್ರ ದರ ಗೊತ್ತಾಗುತ್ತಿದ್ದುದು ಮರುದಿನದ ಪತ್ರಿಕೆಯಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಪಟ್ಟಿ, ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲು. ಹತ್ತು ಕಂಪನಿಗಳ ಚಾರ್ಟ್ ಮುಗಿಸಲು ಕಾಫಿ ಆರುವಷ್ಟು ಹೊತ್ತೂ ಬೇಕಿರಲಿಲ್ಲ, ಏಕೆಂದರೆ ಬಹಳಷ್ಟು ದಿನ ಬರೆಯಲು ಏನೂ ಇರುತ್ತಿರಲಿಲ್ಲ.

ಏಕೆ ಇರುತ್ತಿರಲಿಲ್ಲ ಎಂಬುದನ್ನು ಕೊಬ್ಬರಿಯ ದರದಲ್ಲೇ ಹೇಳಬಹುದು. ಗ್ರಾಫ್ ಹಾಳೆಯ ಒಂದು ಚೌಕಕ್ಕೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಕ್ವಿಂಟಲ್‌ಗೆ 12,000 ಇದ್ದದ್ದು 13,500ಕ್ಕೆ ಏರಿದರೆ ಎಕ್ಸ್‌ಗಳ ಕಂಬ ಮೂರು ಚೌಕ ಬೆಳೆಯುತ್ತದೆ. ಅಲ್ಲಿಂದ 12,700ಕ್ಕೆ ಇಳಿದರೆ? ಪೆನ್ಸಿಲು ಎತ್ತುವಂತಿಲ್ಲ. ಮೂರು ಚೌಕ, ಅಂದರೆ 1,500 ರೂಪಾಯಿ ಕುಸಿದು 12,000 ಮುಟ್ಟಿದಾಗ ಮಾತ್ರ ಪಕ್ಕದಲ್ಲಿ ಸೊನ್ನೆಗಳ ಹೊಸ ಕಂಬ ಶುರು. ಅದೂ ತುದಿಯಿಂದ ಒಂದು ಚೌಕ ಕೆಳಗಿನಿಂದ. ಮುಂದೆ ದರ ಮತ್ತೆ ಮೇಲೆದ್ದು, ಹೊಸ ಎಕ್ಸ್ ಕಂಬ ಹಿಂದಿನ ಎಕ್ಸ್ ಕಂಬವನ್ನು ಒಂದು ಚೌಕ ಮೀರಿದರೆ ಅದು ಕೊಳ್ಳುವ ಸೂಚನೆ. ಅಡ್ಡಗೆರೆಯಲ್ಲಿ ದಿನಾಂಕವಿಲ್ಲ. ತಿಂಗಳು ಬದಲಾದಾಗ ಎಕ್ಸ್ ಬದಲು ತಿಂಗಳ ಅಂಕಿ ಬರೆಯುವುದುಂಟು, ಅಕ್ಟೋಬರಿನಿಂದ ಮುಂದಕ್ಕೆ ಎ, ಬಿ, ಸಿ. ಒಂದೇ ಕಂಬದಲ್ಲಿ ನಾಲ್ಕು ಅಂಕಿ ಕೂತಿದ್ದರೆ ನಾಲ್ಕು ತಿಂಗಳು ದರ ತಿರುಗಿಲ್ಲ ಎಂದರ್ಥ.

ಇನ್ನೊಂದು ನಿಯಮ ಎಲ್ಲರನ್ನೂ ಗೊಂದಲಕ್ಕೆ ಕೆಡವುತ್ತದೆ. ದಿನದ ಗರಿಷ್ಠ ಮತ್ತು ಕನಿಷ್ಠ ದರ ಹಿಡಿದು ಬರೆಯುವವರು ಎಕ್ಸ್ ಕಂಬದಲ್ಲಿದ್ದರೆ ಮೊದಲು ಗರಿಷ್ಠವನ್ನು ನೋಡಬೇಕು. ಒಂದು ಚೌಕ ಏರಿತ್ತೇ? ಹಾಗಾದರೆ ಅಂದಿನ ಕನಿಷ್ಠ ಎಷ್ಟೇ ಪಾತಾಳದಲ್ಲಿರಲಿ, ಲೆಕ್ಕಕ್ಕಿಲ್ಲ. ಮುಕ್ತಾಯದ ದರವನ್ನಷ್ಟೇ ಹಿಡಿಯುವವರಿಗೆ ಈ ತಲೆನೋವಿಲ್ಲ, ಆದರೆ ಅವರ ಚಾರ್ಟ್ ಬೇರೆಯೇ ಕಥೆ ಹೇಳುತ್ತದೆ. ಒಂದೇ ಷೇರು, ಒಂದೇ ವರ್ಷ, ಎರಡು ಚಾರ್ಟ್! ವಾದ ಅಂದೂ ಮುಗಿಯಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಎರಡು ಇನ್ನೂರಾಯಿತು. ಚೌಕವನ್ನು ರೂಪಾಯಿಯಲ್ಲಿ ಅಳೆಯುವ ಬದಲು ಶೇಕಡಾವಾರು ಅಳೆಯುವುದು ಒಳ್ಳೆಯ ಬದಲಾವಣೆಯೇ. ನೂರು ರೂಪಾಯಿಯ ಷೇರಿಗೂ ಮೂರು ಸಾವಿರದ್ದಕ್ಕೂ ಒಂದೇ ಅಳತೆ ಸಿಕ್ಕಿತು. ಶೇ 1ರ ಚೌಕದಲ್ಲಿ 2024ರ ಜೂನ್ 4ನ್ನು ನೋಡಿ. ಲೋಕಸಭಾ ಚುನಾವಣೆಯ ಮತ ಎಣಿಕೆಯ ಆ ದಿನ ನಿಫ್ಟಿ ಶೇ 5.9ರಷ್ಟು ಕುಸಿಯಿತು, 7ರ ಹೊತ್ತಿಗೆ ಕಳೆದುಕೊಂಡದ್ದನ್ನೆಲ್ಲ ಮರಳಿ ಪಡೆಯಿತು. ಚಾರ್ಟಿನಲ್ಲಿ ಒಂದು ಸೊನ್ನೆ ಕಂಬ, ಪಕ್ಕದಲ್ಲಿ ಒಂದು ಎಕ್ಸ್ ಕಂಬ, ಅಷ್ಟೇ. ಆದರೆ ಅದೇ ತಂತ್ರಾಂಶದಲ್ಲಿ ಚೌಕವನ್ನು ಶೇ 0.1ಕ್ಕೆ ಇಳಿಸಿ, ದಿನದ ಬದಲು ನಿಮಿಷದ ದರ ಹಾಕಿದರೆ ಸೋಸಿ ತೆಗೆದ ಗದ್ದಲವೆಲ್ಲ ಮರಳಿ ಒಳಗೆ ಬರುತ್ತದೆ. ಬೇಕಾದ ಸೂಚನೆ ಸಿಗುವವರೆಗೆ ಚೌಕ ಬದಲಿಸುತ್ತಾ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಾತಕ ಕೂಡಿಸುವಾಗಲೂ ಇಷ್ಟು ಸಡಿಲ ಬಿಡುವುದಿಲ್ಲ.

ತೊಡಕು ಹೆಚ್ಚಾದದ್ದು ಆಪ್ಷನ್ ವಹಿವಾಟಿನಿಂದ, ಅಂದರೆ ನಿಗದಿತ ದಿನಕ್ಕೆ ನಿಗದಿತ ದರದಲ್ಲಿ ಕೊಳ್ಳುವ ಅಥವಾ ಮಾರುವ ಹಕ್ಕಿನ ವ್ಯಾಪಾರದಿಂದ. ಕೊಬ್ಬರಿ ಅಟ್ಟದಲ್ಲಿ ದಿನ ಕಳೆದಂತೆ ಪಕ್ವವಾಗುತ್ತದೆ. ಕೊಂಡ ಆಪ್ಷನ್ನಿನ ಬೆಲೆ ದಿನ ಕಳೆದಂತೆ ಕರಗುತ್ತದೆ, ವಾರದ ಆಪ್ಷನ್ನಿಗೆ ವಾರವೇ ಆಯುಸ್ಸು. ದರ ಎಷ್ಟಕ್ಕೆ ಹೋಗಬಹುದೆಂದು ಕಂಬಗಳನ್ನು ಎಣಿಸಿ ಅಂದಾಜು ಮಾಡುವ ಕ್ರಮ ಈ ಚಾರ್ಟಿನಲ್ಲಿದೆ, ಯಾವಾಗ ಹೋಗುತ್ತದೆ ಎಂದು ಹೇಳುವ ಕ್ರಮ ಇಲ್ಲ. ಸಮಯವನ್ನು ಬೇಕೆಂದೇ ಬಿಟ್ಟ ಚಾರ್ಟನ್ನು ಸಮಯವೇ ಬಂಡವಾಳವಾದ ವಹಿವಾಟಿಗೆ ಜೋಡಿಸಲಾಗಿದೆ. 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ದರ ಕುದುರಿಸುವ ಒಪ್ಪಂದ) ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಕಂಡರು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ ಲೆಕ್ಕ ಕೊಟ್ಟಿದೆ. ಅವರೆಲ್ಲ ಯಾವ ಚಾರ್ಟ್ ನೋಡುತ್ತಿದ್ದರೆಂದು ಅದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ.

2025ರ ಜನವರಿಯಲ್ಲಿ ಸೆಬಿ, ಷೇರುಪೇಟೆಯ ಶಿಕ್ಷಣವಷ್ಟನ್ನೇ ಕೊಡುವವರು ಹಿಂದಿನ ಮೂರು ತಿಂಗಳ ದರ ಬಳಸಿ ಯಾವುದೇ ಷೇರಿನ ಮುಂದಿನ ಬೆಲೆ ಸೂಚಿಸಬಾರದೆಂದು ಸುತ್ತೋಲೆ ಹೊರಡಿಸಿತು. ಕ್ಯಾಂಡಲ್ ಚಾರ್ಟ್ ಕಲಿಸುವವರಿಗೆ ಇದು ಇಕ್ಕಟ್ಟು ಎನಿಸಿರಬಹುದು. ಎಕ್ಸ್ ಮತ್ತು ಸೊನ್ನೆ ಕಲಿಸಲು ಹಳೆಯ ದರವೇ ಧಾರಾಳ ಸಾಕು. ಮೂರು ತಿಂಗಳಲ್ಲಿ ಎಷ್ಟೋ ಷೇರುಗಳ ಕಂಬವೇ ಬದಲಾಗಿರುವುದಿಲ್ಲ.