ಸ್ಕಿಡ್ಯಾಡಲ್: ಕಾಲಿಗೆ ಬುದ್ಧಿ ಹೇಳುವ ಅಮೆರಿಕನ್ ಪದ

ಅಮೆರಿಕದ ಹಳೇ ಆಡುಮಾತಿನಲ್ಲಿ ಓಡಿಹೋಗುವುದಕ್ಕೆ ಪದಗಳು ಜಾಸ್ತಿ. ಅವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಸ್ಕಿಡ್ಯಾಡಲ್’. ಅಂದರೆ ಗಡಿಬಿಡಿಯಲ್ಲಿ ಪೇರಿ ಕೀಳುವುದು.

ಈ ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1861ರಲ್ಲಿ, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದ ವರ್ಷ. ಆ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಇದನ್ನು ಬಳಸಿತು. ಪಕ್ಕದಲ್ಲೇ ಅರ್ಥವನ್ನೂ ಬಿಡಿಸಿ ಹೇಳಿತು: ಅಪಾಯ ಬಂದಾಗ ದಕ್ಷಿಣದವರು ಕಾಲುಗಳನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರಲ್ಲ, ಅದಕ್ಕೆ ಉತ್ತರದ ಸೈನಿಕರು ಹೇಳುವ ಮಾತು ಇದು ಅಂತ. ನಮ್ಮ ‘ಕಾಲಿಗೆ ಬುದ್ಧಿ ಹೇಳಿದ’ ಅನ್ನುವುದೂ ಇದೇ ಅಲ್ವಾ! ಮಜಾ ಏನೆಂದರೆ, ಹಿಂದಿನ ತಿಂಗಳಷ್ಟೇ ಬುಲ್ ರನ್ ಕಾಳಗದಲ್ಲಿ ದಿಕ್ಕೆಟ್ಟು ಓಡಿದ್ದು ಉತ್ತರದವರೇ. ಮುಂದೆ ಸೇನೆಗೆ ಸೇರುವುದನ್ನು ತಪ್ಪಿಸಿಕೊಂಡು ಕೆನಡಾಕ್ಕೆ ಓಡಿದವರಿಗೂ ‘ಸ್ಕಿಡ್ಯಾಡ್ಲರ್’ ಎಂಬ ಹೆಸರು ಅಂಟಿಕೊಂಡಿತು.

ಪದದ ಮೂಲ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ‘ಚದುರಿಸು’ ಎಂಬ ಅರ್ಥದ ಗ್ರೀಕ್ ಪದವೊಂದನ್ನು ಪಂಡಿತರು ಮುಂದಿಟ್ಟರು. ಸ್ಕಾಟ್ಲೆಂಡಿನಲ್ಲಿ ಹಾಲು ತುಳುಕಿಸುವುದಕ್ಕೆ ಹೀಗೆನ್ನುತ್ತಾರೆ ಎಂದರು ಇನ್ನು ಕೆಲವರು. ಕಾಳಗದ ನಡುವೆ ಸೈನಿಕರ ಬಾಯಿಗೆ ಗ್ರೀಕ್ ಬಂತು ಅಂದರೆ ನಾನಂತೂ ನಂಬಲ್ಲ. ಹಾಲಿನ ಕತೆಯೇ ವಾಸಿ.

ಇದರದೇ ಮೊಟಕು ರೂಪ ಅನ್ನಿಸುವ ‘ಸ್ಕಿಡೂ’ 20ನೇ ಶತಮಾನದ ಶುರುವಿನಲ್ಲಿ ‘ಟ್ವೆಂಟಿ ತ್ರೀ ಸ್ಕಿಡೂ’ ಆಗಿ ಜನಪ್ರಿಯವಾಯಿತು. ಇದಕ್ಕೊಂದು ರಸವತ್ತಾದ ಕತೆ ಇದೆ. ನ್ಯೂಯಾರ್ಕಿನ 23ನೇ ಬೀದಿಯ ಫ್ಲಾಟ್‌ಐರನ್ ಕಟ್ಟಡದ ಬಳಿ ಗಾಳಿ ಜೋರು. ಹೆಂಗಸರ ಲಂಗ ಹಾರುವುದನ್ನು ನೋಡಲು ಪಡ್ಡೆ ಹುಡುಗರು ಸೇರುತ್ತಿದ್ದರಂತೆ, ಪೊಲೀಸರು ಹೀಗೆಂದು ಅಟ್ಟುತ್ತಿದ್ದರಂತೆ. ಆದರೆ ಆ ಕಟ್ಟಡ ಎದ್ದದ್ದು 1902ರಲ್ಲಿ. ‘ಟ್ವೆಂಟಿ ತ್ರೀ’ ಅಂದರೆ ‘ಜಾಗ ಖಾಲಿ ಮಾಡು’ ಎಂಬ ಬಳಕೆ 1899ರಲ್ಲೇ ಅಚ್ಚಾಗಿತ್ತು. ಕತೆ ಅಲ್ಲಿಗೇ ಬಿತ್ತು.

ಇನ್ನೂ ಹಳೆಯದು 1830ರ ದಶಕದ ‘ಆಬ್‌ಸ್ಕ್ವಾಚುಲೇಟ್’. ಸುಮ್ನೆ ತಮಾಷೆಗೆ ಲ್ಯಾಟಿನ್ ಥರದ ದೊಡ್ಡ ಪದ ಹೊಸೆಯುವ ಹುಚ್ಚು ಆಗ ಅಲ್ಲಿತ್ತು. ‘ಸ್ಕ್ವಾಟ್’ ಅಂದರೆ ಕುಕ್ಕರಗಾಲಲ್ಲಿ ಕೂರುವುದು. ಅದರ ಶುರುವಿಗೆ ‘ದೂರ’ ಎಂಬರ್ಥದ ಲ್ಯಾಟಿನ್ ‘ಆಬ್’ ಸೇರಿಸಿ, ಕೊನೆಗೊಂದು ಬಾಲ ಕಟ್ಟಿದರು. ಕೂತಲ್ಲಿಂದ ಎದ್ದು ಪರಾರಿ!

ಅದೇ ಕಾಲದ ‘ವಮೂಸ್’ ಸ್ಪ್ಯಾನಿಷ್‌ನ ‘ವಾಮೋಸ್’ನಿಂದ ಬಂತು. ಸ್ಪ್ಯಾನಿಷ್ ಆಡುವವರ ನೆರೆಯಲ್ಲಿದ್ದ ಅಮೆರಿಕನ್ನರು ಅದನ್ನು ಕಿವಿಗೆ ಬಿದ್ದಂತೆ ಎತ್ತಿಕೊಂಡರು. ಮೂಲದಲ್ಲಿ ಅದರ ಅರ್ಥ ‘ಹೋಗೋಣ’. ಇಂಗ್ಲಿಷಿನವರ ಬಾಯಲ್ಲಿ ಅದೇ ‘ತೊಲಗು ಇಲ್ಲಿಂದ’ ಆಯಿತು.