ಇಪ್ಪತ್ತರಲ್ಲಿ ಅಡಗಿರುವ ಪತ್ತು

ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಒಂದನೇ ತರಗತಿಯ ಮಕ್ಕಳು ರಾಗವಾಗಿ ಒಪ್ಪಿಸುವ ಈ ಸಾಲನ್ನು ಒಮ್ಮೆ ನಿಧಾನವಾಗಿ, ಬಾಯಿಬಿಟ್ಟು ಹೇಳಿ. ಒಂಬತ್ತರಲ್ಲೂ ಕೂತಿರುವುದು ಒಂದೇ ಪದ. ಆದರೆ ಮೊದಲನೆಯದರಲ್ಲಿ ಅದು ‘ಹತ್ತು’, ಇಪ್ಪತ್ತು ಎಪ್ಪತ್ತುಗಳಲ್ಲಿ ‘ಪ್ಪತ್ತು’, ಮೂವತ್ತರಿಂದ ಅರವತ್ತರವರೆಗೆ ‘ವತ್ತು’, ಕೊನೆಯ ಎರಡರಲ್ಲಿ ‘ಬತ್ತು’. ಹಳಗನ್ನಡದಲ್ಲಿ ಅದು ‘ಪತ್ತು’ ಎಂದಿತ್ತು. ತಮಿಳಿನಲ್ಲಿ ಇಂದಿಗೂ ಪತ್ತು, ಚಾರ್ಮಾಡಿ ಘಾಟಿ ಇಳಿದರೆ ತುಳುವಿನಲ್ಲಿ ಪತ್ತ್, ತೆಲುಗಿನಲ್ಲಿ ಪದಿ. ಕನ್ನಡವೊಂದೇ ಅದನ್ನು ಹತ್ತು ಮಾಡಿಕೊಂಡಿತು. ಪಾಲ್ ಹಾಲಾಯಿತು, ಪಾವು ಹಾವಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು, ಪೊನ್ ಹೊನ್ನಾಯಿತು.

ಇದನ್ನು ‘ಭಾಷೆ ಕೆಟ್ಟಿತು’, ‘ಉಚ್ಚಾರ ಸವೆದುಹೋಯಿತು’ ಎಂದು ಹೇಳುವವರು ಬಹಳ. ಓದಿದವರೂ ಹೇಳುತ್ತಾರೆ. ಅದು ತಪ್ಪು. ಕೆಡುವುದಾದರೆ ಒಂದು ಪದ ಇಲ್ಲಿ, ಒಂದು ಪದ ಅಲ್ಲಿ ಕೆಡಬೇಕಿತ್ತು. ಇಲ್ಲಿ ನೂರಾರು ಪದಗಳು ಒಂದೇ ಜಾಗದಲ್ಲಿ, ಒಂದೇ ರೀತಿ ಬದಲಾಗಿವೆ. ಬದಲಾಗದೆ ಉಳಿದ ಕಡೆಯೂ ಒಂದು ಕ್ರಮ ಕಾಣುತ್ತದೆ. ಹಾಲು ಮೊಸರಾಗುವುದಕ್ಕೆ ನಿಯಮ ಇರುವಂತೆ ಪಾಲು ಹಾಲಾಗುವುದಕ್ಕೂ ನಿಯಮ ಇದೆ. ಆ ನಿಯಮವನ್ನು ನೋಡಲು ಹಾಸನ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಹದಿನಾರು ಸಾಲಿನದು, ಕಾಲ ಸುಮಾರು ಕ್ರಿ.ಶ. 450. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿ ಪ್ರತಿಕೃತಿ ನಿಲ್ಲಿಸಿದ್ದಾರೆ. ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಕತ್ತಿ ತೊಳೆದ ಗೌರವವಾಗಿ, ಅಂದರೆ ‘ಬಾಳ್ಗಳ್ಚು’ ದತ್ತಿಯಾಗಿ, ಎರಡು ಊರು ಕೊಟ್ಟದ್ದನ್ನು ಅದು ಹೇಳುತ್ತದೆ. ಆ ಊರುಗಳ ಹೆಸರು: ಪಲ್ಮಿಡಿ ಮತ್ತು ಮೂಳಿವಳ್ಳಿ. ಪಲ್ಮಿಡಿಯೇ ಇಂದಿನ ಹಲ್ಮಿಡಿ. ಅದೇ ಕಲ್ಲಿನಲ್ಲಿ ‘ಪೊಗಳೆ’ ಎಂದಿದೆ, ಇಂದಿನ ಹೊಗಳು. ‘ಪೆತ್ತ ಜಯನ’ ಎಂದಿದೆ, ಎಂದರೆ ಜಯ ಪಡೆದವನ. ಪೆತ್ತ ಎಂಬುದು ನಮ್ಮ ಬಾಯಲ್ಲಿ ಹೆತ್ತ ಆಗಿದೆ, ಆದರೆ ಈಗ ಮಕ್ಕಳನ್ನಷ್ಟೇ ಹೆರುತ್ತಾರೆ, ಜಯವನ್ನಲ್ಲ. ಅಕ್ಷರ ಬದಲಾದ ಪದ ಸಿಕ್ಕ ತಕ್ಷಣ ಅರ್ಥವೂ ಸಿಕ್ಕಿತು ಎಂದುಕೊಳ್ಳಬಾರದು ಎನ್ನುವುದಕ್ಕೆ ಈ ಒಂದು ಪದ ಸಾಕು.

ನನಗೆ ಆ ಕಲ್ಲಿನಲ್ಲಿ ಅತ್ಯಂತ ಬೆಲೆಯದ್ದು ಎನಿಸುವುದು ಎರಡನೇ ಊರು. ಮೂಳಿವಳ್ಳಿಯ ‘ವಳ್ಳಿ’ ಬೇರೇನಲ್ಲ, ‘ಪಳ್ಳಿ’, ನಮ್ಮ ಹಳ್ಳಿ. ಪಲ್ಮಿಡಿಯಲ್ಲಿ ಪದದ ಆರಂಭಕ್ಕಿರುವ ಪಕಾರ ಹಾಗೇ ಇದೆ. ಅದರ ಮಗ್ಗುಲಲ್ಲೇ ಸಮಾಸದ ನಡುವೆ ಸಿಕ್ಕಿಕೊಂಡ ಪಕಾರ ಆಗಲೇ ವಕಾರವಾಗಿದೆ. ಅಂದರೆ ಮೂವತ್ತರ ‘ವ’ ಹತ್ತರ ‘ಹ’ಕ್ಕಿಂತ ಎಷ್ಟೋ ಶತಮಾನ ಹಿರಿಯದು. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ, ಎರಡೂ ಬೇರೆ ಬೇರೆ ಕಾಲದಲ್ಲಿ ನಡೆದ ಕೆಲಸ. ಕೊಟ್ಟ ಊರುಗಳ ಪಟ್ಟಿ ಬರೆಯಲು ಹೊರಟ ಕಲ್ಲುಕುಟಿಗ ತನಗೆ ತಿಳಿಯದೆಯೇ ಒಂದು ಪ್ರಯೋಗದ ಫಲಿತಾಂಶವನ್ನು ದಾಖಲಿಸಿಟ್ಟ.

ಈಗ ಬಾಯಿಯೊಳಗೆ ಏನಾಗುತ್ತದೆ ನೋಡೋಣ. ತೋರುಬೆರಳನ್ನು ತುಟಿಗಳ ಮುಂದೆ ಅಡ್ಡ ಹಿಡಿದು ‘ಪತ್ತು’ ಎನ್ನಿ. ತುಟಿಗಳು ಪೂರ್ತಿ ಮುಚ್ಚಿ, ಹಿಂದೆ ಗಾಳಿ ಒತ್ತಡ ಕಟ್ಟಿಕೊಂಡು, ಆಮೇಲೆ ತೆರೆಯುತ್ತವೆ. ಕೆರೆಯ ತೂಬನ್ನು ಭದ್ರವಾಗಿ ಮುಚ್ಚಿ ತಟ್ಟನೆ ಎತ್ತಿದಂತೆ. ಎರಡನೇ ಸಲ, ತುಟಿಗಳನ್ನು ಪೂರ್ತಿ ಮುಚ್ಚದೆ, ಬಿಸಿ ಕಾಫಿ ಆರಿಸಲು ಊದುವ ಹಾಗೆ ಕೂದಲೆಳೆಯ ಸಂದು ಬಿಟ್ಟು ಅದೇ ಪದ ಹೇಳಿ. ಒಂದು ಬಗೆಯ ‘ಫತ್ತು’ ಕೇಳುತ್ತದೆ, ಬೆರಳಿಗೆ ತಣ್ಣನೆ ಗಾಳಿ ತಾಕುತ್ತದೆ. ಹಲ್ಲು ಕೆಳತುಟಿಗೆ ತಾಗಬಾರದು. ತಾಗಿದರೆ ಅದು ಇಂಗ್ಲಿಷಿನ ಫ್ಯಾನಿನ ಫ, ನಮಗೆ ಬೇಕಾದ್ದು ಅದಲ್ಲ. ಮೂರನೇ ಸಲ ತುಟಿಗಳ ಕೆಲಸವನ್ನೇ ಬಿಟ್ಟುಬಿಡಿ. ಉಳಿಯುವುದು ಗಂಟಲಿನಿಂದ ಬರುವ ಬಿಸಿಯುಸಿರು: ‘ಹತ್ತು’.

ಎರಡನೆಯದು ತಣ್ಣಗೆ, ಮೂರನೆಯದು ಬೆಚ್ಚಗೆ ಏಕೆ? ಉಸಿರಿನ ಬಿಸಿ ಎರಡರಲ್ಲೂ ಒಂದೇ. ಸಣ್ಣ ಸಂದಿನಿಂದ ಜೋರಾಗಿ ನುಗ್ಗುವ ಗಾಳಿ ಅಕ್ಕಪಕ್ಕದ ತಣ್ಣನೆ ಗಾಳಿಯನ್ನೂ ಸೆಳೆದುಕೊಂಡು ಬೆರಳಿಗೆ ಬಡಿಯುತ್ತದೆ. ಅಗಲ ಬಾಯಿಯ ಉಸಿರು ನಿಧಾನ, ಅದು ತನ್ನ ಬಿಸಿಯನ್ನೇ ತಂದು ಕೊಡುತ್ತದೆ. ಒಲೆ ಊದುವ ಊದುಗೊಳವೆಯನ್ನು ನೆನಪಿಸಿಕೊಳ್ಳಿ. ಕೊಳವೆಯ ತುದಿ ಬೆರಳಿನಿಂದ ಮುಚ್ಚಿದ್ದರೆ ಪ. ಚೂರು ಬಿಟ್ಟರೆ ಸುಯ್ ಎನ್ನುವ ನಡುವಿನ ಧ್ವನಿ. ಕೊಳವೆಯನ್ನೇ ತೆಗೆದು ಬರಿ ಬಾಯಲ್ಲಿ ಉಸಿರು ಬಿಟ್ಟರೆ ಹ. ನಲ್ಲಿಯನ್ನು ತಿರುಗಿಸುತ್ತ ಹೋದ ಹಾಗೆ ಬಿಗಿ ಸಡಿಲವಾಗುತ್ತದೆ, ದಿಕ್ಕು ಒಂದೇ. ಹ ತಾನಾಗಿ ಬಿಗಿದುಕೊಂಡು ಪ ಆಗುವುದು ತೀರಾ ಅಪರೂಪ, ಪ ಸಡಿಲಗೊಂಡು ಹ ಆಗುವುದು ಲೋಕದ ಹಲವೆಡೆ ಕಂಡದ್ದು.

ನಡುವಿನ ಆ ಧ್ವನಿಗೆ ಕನ್ನಡ ಲಿಪಿಯಲ್ಲಿ ಅಕ್ಷರ ಇರಲಿಲ್ಲ, ಹಾಗಾಗಿ ಕಲ್ಲಿನಲ್ಲಿ ನೇರವಾಗಿ ಕಾಣಸಿಗುವುದಿಲ್ಲ. ಜಪಾನಿನಲ್ಲಿ ಸಿಗುತ್ತದೆ. ಅಲ್ಲಿ ಹೂವಿಗೆ ಈಗ ಹಾನಾ ಎನ್ನುತ್ತಾರೆ. 1603ರಲ್ಲಿ ನಾಗಸಾಕಿಯಲ್ಲಿ ಕ್ರೈಸ್ತ ಪಾದ್ರಿಗಳು ಅಚ್ಚು ಹಾಕಿಸಿದ ಜಪಾನಿ–ಪೋರ್ಚುಗೀಸ್ ನಿಘಂಟಿನಲ್ಲಿ ಅದು ಫಾನಾ. ಅದಕ್ಕೂ ಹಿಂದಿನದು ಪಾನಾ. ಫುಜಿ ಬೆಟ್ಟದ ಫು ಆ ನಡುವಿನ ಮೆಟ್ಟಿಲಲ್ಲೇ ಇನ್ನೂ ನಿಂತಿದೆ. ಪೂವು ಹೂವಾದದ್ದಕ್ಕೂ ಪಾನಾ ಹಾನಾ ಆದದ್ದಕ್ಕೂ ನಂಟು ಕಲ್ಪಿಸಿ ‘ಜಪಾನಿ ಭಾಷೆ ಕನ್ನಡದಿಂದ ಬಂತು’ ಎಂದು ಹಂಚಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಕಡೆ ಇರುವುದು ಒಂದೇ ಬಗೆಯ ಬಾಯಿ, ಅದಕ್ಕೇ ಒಂದೇ ಬಗೆಯ ಬದಲಾವಣೆ.

ಮತ್ತೆ ಎಣಿಕೆಗೆ ಬನ್ನಿ. ಪಕಾರ ಇಮ್ಮಡಿಯಾದಾಗ ತುಟಿಗಳು ಹೆಚ್ಚು ಹೊತ್ತು ಒತ್ತಿಕೊಂಡಿರುತ್ತವೆ, ಸಡಿಲಾಗಲು ಅವಕಾಶವಿಲ್ಲ. ಹಾಗಾಗಿ ಇಪ್ಪತ್ತು, ಎಪ್ಪತ್ತು. ಉಪ್ಪು, ತುಪ್ಪ, ಸೊಪ್ಪು, ಅಪ್ಪ ಎಲ್ಲ ಉಳಿದದ್ದೂ ಇದೇ ಕಾರಣಕ್ಕೆ. ಎರಡು ಸ್ವರಗಳ ನಡುವೆ ಸಿಕ್ಕಿದಾಗ ಗಂಟಲಿನ ತಂತಿಗಳು ಮಿಡಿಯುತ್ತಲೇ ಇರುತ್ತವೆ, ಆ ಮಿಡಿತ ಪಕಾರಕ್ಕೂ ಹತ್ತಿ ಅದು ವ ಆಗುತ್ತದೆ: ಮೂವತ್ತು, ಐವತ್ತು. ಮೂಗಿನ ಧ್ವನಿ ಆದ ಮೇಲೆ ಬಂದರೆ ಮಿಡಿತವೂ ಇರುತ್ತದೆ, ಮುಚ್ಚುವಿಕೆಯೂ ಇರುತ್ತದೆ. ಆಗ ಬ: ಎಂಬತ್ತು, ತೊಂಬತ್ತು. ಶಾಲೆಯಲ್ಲಿ ಆದೇಶ ಸಂಧಿಗೆ ‘ಕಣ್ + ಪನಿ = ಕಂಬನಿ’ ಎಂದು ಉರುಹೊಡೆಸುತ್ತಾರಲ್ಲ, ಅದೂ ಇದೇ. ಪನಿ ಎಂದರೆ ಹನಿ ಎಂದು ಮೇಷ್ಟ್ರು ಒಂದು ಮಾತು ಸೇರಿಸಿದರೆ ಆ ಸಂಧಿ ಮಕ್ಕಳಿಗೆ ಎಂದಿಗೂ ಮರೆಯುವುದಿಲ್ಲ.

ಒಂದೇ ಪದದಲ್ಲಿ ಎರಡು ನಿಯಮ ಕೆಲಸ ಮಾಡಿದ್ದನ್ನು ನೋಡಬೇಕಾದರೆ ಹೆಬ್ಬಾವನ್ನು ಹಿಡಿಯಿರಿ. ಪೆರ್ ಎಂದರೆ ದೊಡ್ಡದು; ಪೆರ್ + ಪಾವು, ಪೆರ್ಬಾವು, ಹೆಬ್ಬಾವು. ಮೊದಲ ಪ ಹ ಆಯಿತು, ಎರಡನೆಯದು ಬ ಆಯಿತು. ಹೆಬ್ಬುಲಿ, ಹೆಮ್ಮರ, ಹೆಗ್ಗಡೆಗಳ ಹೆ ಕೂಡ ಈ ಪೆರ್‌ನದೇ. ಊಟದೆಲೆಯ ಮೇಲೆ ಬೇಕಾದರೆ ಹಪ್ಪಳ: ಮಲಯಾಳಿಗಳ ಪಪ್ಪಡದ ಪಕ್ಕ ಇಟ್ಟು ನೋಡಿದರೆ ಮೊದಲ ಪ ಕರಗಿ ಹ ಆಗಿದೆ, ಜೋಡಿ ಪ ಗರಿಗರಿಯಾಗಿ ಉಳಿದಿದೆ. ಅದೇ ಎಲೆಯಲ್ಲಿ ಹುಳಿ ಬಡಿಸಿ ಪಕ್ಕದಲ್ಲಿ ಪುಳಿಯೋಗರೆ ಬಡಿಸುತ್ತಾರೆ. ಎರಡರ ಬೇರೂ ಪುಳಿಯೇ. ಶ್ರೀವೈಷ್ಣವರ ಅಡುಗೆಮನೆಗೆ ತಮಿಳಿನ ನಂಟಿದ್ದುದರಿಂದ ಅದರ ಪಕಾರ ಬಿಡದೆ ಉಳಿಯಿತು.

ಬದಲಾವಣೆ ಒಂದು ಬೆಳಿಗ್ಗೆ ಆದದ್ದಲ್ಲ. ಪಂಪ 941ರಲ್ಲಿ ಬರೆಯುವಾಗ ಪಕಾರದ್ದೇ ರಾಜ್ಯ. ಹತ್ತನೇ ಶತಮಾನದ ನಂತರ ಶಾಸನಗಳಲ್ಲಿ ಹಕಾರ ಇಣುಕುತ್ತ ಹೆಚ್ಚುತ್ತ ಹೋಗುತ್ತದೆ. ಹೊಯ್ಸಳರ ಕಾಲದಲ್ಲಿ ಎರಡೂ ಬೆರೆತಿವೆ. ಆ ಮನೆತನದ ಹೆಸರೇ ಶಾಸನಗಳಲ್ಲಿ ಪೊಯ್ಸಳ ಎಂದೂ ಹೊಯ್ಸಳ ಎಂದೂ ಬರುತ್ತದೆ. ಜನ ಹ ಎನ್ನತೊಡಗಿದ ಮೇಲೂ ಕವಿಗಳು, ಶಾಸನ ಬರೆಯುವವರು ಗಾಂಭೀರ್ಯಕ್ಕೆಂದು ಪ ಬರೆಯುತ್ತಲೇ ಇದ್ದರು. ಕುಮಾರವ್ಯಾಸನ ಹೊತ್ತಿಗೆ ಹಕಾರ ಗೆದ್ದಾಗಿತ್ತು. ಪಂಪಾಕ್ಷೇತ್ರ ಹಂಪೆಯಾದದ್ದೂ ಈ ಅಲೆಯಲ್ಲೇ. ಸಂಸ್ಕೃತ, ಪ್ರಾಕೃತದಿಂದ ಮೊದಲೇ ಬಂದು ಬಳಕೆಗೆ ಬಿದ್ದ ಪದಗಳೂ ಕೊಚ್ಚಿಹೋದವು: ಪಕ್ಷಿ ಪಕ್ಕಿಯಾಗಿ ಹಕ್ಕಿ, ಪರ್ವ ಪಬ್ಬವಾಗಿ ಹಬ್ಬ, ಪಾದುಕೆ ಹಾವುಗೆ. ಓದುಬರಹದವರ ಬಾಯಲ್ಲೇ ಇದ್ದ ಪೂಜೆ, ಪುಸ್ತಕ, ಪಾಪ ಅಲ್ಲಾಡಲಿಲ್ಲ. ಪೋರ್ಚುಗೀಸರ ಜೊತೆ ಪಪ್ಪಾಯಿ ಬರುವಷ್ಟರಲ್ಲಿ ಅಲೆ ಇಳಿದಾಗಿತ್ತು, ಹಾಗಾಗಿ ನಾವು ಹಪ್ಪಾಯಿ ತಿನ್ನುತ್ತಿಲ್ಲ.

ಚಿಕ್ಕಮಗಳೂರಿನವರಿಗೆ ಒಂದು ಮಾತು. ಸಖರಾಯಪಟ್ಟಣದ ರುಕ್ಮಾಂಗದ ರಾಜ ಹಿರಿಯ ಮಗಳಿಗೆ ಹಿರೇಮಗಳೂರನ್ನೂ ಚಿಕ್ಕ ಮಗಳಿಗೆ ಚಿಕ್ಕಮಗಳೂರನ್ನೂ ಬಳುವಳಿ ಕೊಟ್ಟ ಎಂಬ ಕಥೆ ಎಲ್ಲರಿಗೂ ಗೊತ್ತು. ಕಥೆ ಚೆನ್ನಾಗಿದೆ. ಆದರೆ ಹಳೆಯ ಶಾಸನಗಳಲ್ಲಿ ಈ ಊರುಗಳು ಪಿರಿಯ ಮುಗುಳಿ, ಕಿರಿಯ ಮುಗುಳಿ. ಪಿರಿಯ ಹಿರಿಯವಾಗಿ ಹಿರೇ ಆದದ್ದು ನಿಯಮದಂತೆ ನಡೆದದ್ದು. ಮುಗುಳಿ ಮಗಳಾದದ್ದು ಕೇಳಿದವರು ಅರ್ಥ ಹಚ್ಚಿಕೊಂಡದ್ದು. ಒಂದನ್ನು ಲೆಕ್ಕ ಹಾಕಿ ಹೇಳಬಹುದು, ಇನ್ನೊಂದನ್ನು ಹಾಗೆ ಹೇಳಲಾಗದು.

ಈ ಕೀಲಿಕೈ ಹಿಡಿದು ಹಳೆಯ ಪದ ಓದಲು ಹೊರಟವರು ಮಾಡಬೇಕಾದ್ದು ಇಷ್ಟು. ಪದದ ಆರಂಭದ ಪ ತೆಗೆದು ಹ ಇಡಿ. ೞ, ಱ ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಅಕ್ಷರಗಳು: ೞ ಕಂಡರೆ ಳ ಅಥವಾ ಸಜಾತಿ ಒತ್ತು, ಅಂದರೆ ಮುಂದಿನ ಅಕ್ಷರದ್ದೇ ಒತ್ತು, ಱ ಕಂಡರೆ ರ ಇಡಿ. ಕೊನೆಯ ವ್ಯಂಜನಕ್ಕೆ ಉಕಾರ ಸೇರಿಸಿ. ಪೇೞ್ ಹೇಳು ಆಯಿತು, ಪಾೞ್ ಹಾಳು, ಪೊೞ್ತು ಹೊತ್ತು, ಪುೞು ಹುಳು, ಪೊೞೆ ಹೊಳೆ, ಅದೇ ಮಲಯಾಳದ ಪುೞ. ಪಂದೆ ಎಂದರೆ ಹೇಡಿ, ಪೊೞಲ್ ಎಂದರೆ ಪಟ್ಟಣ, ಪೆಱರ್ ಎಂದರೆ ಇತರರು. ಇಂಥವು ಬಳಕೆಯಿಂದಲೇ ಬಿದ್ದುಹೋಗಿವೆ, ಅವಕ್ಕೆ 1894ರ ಕಿಟೆಲ್ ನಿಘಂಟು ತೆರೆಯಲೇಬೇಕು. ಸವೆದ ಕಲ್ಲಿನಲ್ಲಿ ಪ, ಷ, ವ ಒಂದೇ ಥರ ಕಾಣುತ್ತವೆ. ಓರೆಯಾಗಿ ಬೆಳಕು ಬೀಳುವ ಬೆಳಿಗ್ಗೆ ಅಥವಾ ಸಂಜೆ ಓದುವುದು ಒಳ್ಳೆಯದು.

ಹೆಚ್ಚಿನವರು ಎಡವುವುದು ಹಿಂದಕ್ಕೆ ಹೋಗುವಾಗ. ಎಲ್ಲ ಹಕಾರದ ಹಿಂದೆಯೂ ಪಕಾರವಿಲ್ಲ. ಹೇಮಾವತಿಯ ಹೇಮವೂ ಚಿನ್ನವೇ, ಹೊನ್ನಮ್ಮನ ಹಳ್ಳದ ಹೊನ್ನೂ ಚಿನ್ನವೇ. ಮೊದಲನೆಯದರ ಹ ಸಂಸ್ಕೃತದ್ದು, ಹುಟ್ಟಿನಿಂದ ಹ. ಎರಡನೆಯದು ಪೊನ್. ಹಕ್ಕಿಯ ಹಿಂದೆ ಪಕ್ಕಿ ಇದೆ, ಹಕ್ಕುಬಾಧ್ಯತೆಯ ಹಕ್ಕಿನ ಹಿಂದೆ ಇರುವುದು ಅರಬ್ಬಿ. ಹಾಸನವನ್ನೂ ಪಾಸನ ಮಾಡಬೇಡಿ; ಹಾಸನಾಂಬೆಯಾಗಲಿ ಸ್ಥಳಪುರಾಣದ ಸಿಂಹಾಸನಪುರವಾಗಲಿ ಅದಕ್ಕೆ ಎಡೆ ಕೊಡುವುದಿಲ್ಲ. ತಮಿಳು, ತೆಲುಗು, ತುಳು ಈ ಮೂರರಲ್ಲಿ ಒಂದರಲ್ಲಾದರೂ ಪಕಾರದ ಒಡಹುಟ್ಟು ಸಿಕ್ಕ ಮೇಲೆ ಮಾತ್ರ ಹಿಂದಕ್ಕೆ ಹೋಗಿ. ನಿಯಮ ತಪ್ಪಿಸಿಕೊಂಡ ದೇಸಿ ಪದಗಳೂ ಇವೆ. ಹಾವು ಪೊರೆ ಬಿಟ್ಟಿತು ಎನ್ನುತ್ತೇವೆ: ಹಾವು ಬದಲಾಯಿತು, ಪೊರೆ ಬದಲಾಗಲಿಲ್ಲ.

ಇನ್ನು ನಮ್ಮ ಹಳ್ಳಿಗಳ ಮಾತು. ‘ಅಳ್ಳಿಗೆ ಓಗಿ ಆಲು ತತ್ತೀನಿ’ ಎಂದವರನ್ನು ಪೇಟೆಯವರು ನಕ್ಕು ತಿದ್ದುತ್ತಾರೆ. ತಿದ್ದಿಸಿಕೊಂಡು ತಿದ್ದಿಸಿಕೊಂಡು ಹೆದರಿದವರು ಅಕ್ಕಿಗೂ ಹಕ್ಕಿ ಎಂದುಬಿಡುತ್ತಾರೆ, ಅದಕ್ಕೂ ನಗುತ್ತಾರೆ. ಈ ನಗು ನನಗೆ ಸಹಿಸಲಾಗದು. ತುಟಿ ಸಡಿಲಾಗಿ ಉಸಿರು ಉಳಿದದ್ದು ಒಂದು ಹೆಜ್ಜೆ, ಆ ಉಸಿರೂ ಕರಗುವುದು ಅದರ ಮುಂದಿನ ಹೆಜ್ಜೆ. ಲ್ಯಾಟಿನ್ನಿನಲ್ಲಿ ತಂದೆಗೆ ಪಾತೆರ್ ಎಂದರೆ, ಅದೇ ಬೇರಿನ ಐರಿಷ್ ಪದದ ಆರಂಭದಲ್ಲಿ ಪಕಾರವೂ ಇಲ್ಲ, ಹಕಾರವೂ ಇಲ್ಲ, ಬರಿಯ ಅ ಉಳಿದಿದೆ. ಐರಿಷರನ್ನು ಯಾರೂ ಅನಕ್ಷರಸ್ಥರೆನ್ನುವುದಿಲ್ಲ.

ಹೊಯ್ಸಳರ ಹೆಸರಿನ ಕಥೆಯಲ್ಲಿ, ಮೂಡಿಗೆರೆ ಕಡೆಯ ಅಂಗಡಿ ಎಂಬ ಊರಿನಲ್ಲಿ ಹುಲಿ ಮೇಲೆ ಬಿದ್ದಾಗ ಗುರುಗಳು ಶಿಷ್ಯ ಸಳನಿಗೆ ‘ಪೊಯ್, ಸಳ’ ಎಂದರಂತೆ, ಹೊಡಿ ಎಂದು. ಕಥೆ ನಿಜವೋ ಅಲ್ಲವೋ, ಕ್ರಿಯಾಪದ ನಿಜ. ಪೊಯ್ ಎಂದರೆ ಹೊಡೆ, ಸುರಿ. ಪುಸ್ತಕದ ಕನ್ನಡದಲ್ಲಿ ಅದು ಹೊಯ್. ಜೂನ್ ತಿಂಗಳಲ್ಲಿ ಬೇಲೂರಿನ ಕಡೆ ಜಗುಲಿಯ ಮೇಲೆ ಕೂತವರು ಹೊರಗೆ ನೋಡಿ ‘ಮಳೆ ಉಯ್ತಾ ಐತೆ’ ಎನ್ನುತ್ತಾರೆ. ಅದೂ ಅದೇ ಪದ.