ಅಸಲಿ ಎಂಜೈಮ್ ಇರುವಾಗ ನಕಲಿ ಯಾಕೆ?

ಪ್ರಶ್ನೆ: ನಮ್ಮ ಮೈಯಲ್ಲೇ ಎಂಜೈಮ್‌ಗಳಿವೆ, ಅಂದರೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನ್‌ಗಳು. ಬೇಕಾದರೆ ಅವನ್ನೇ ಔಷಧಿಯಾಗಿ ಕೊಟ್ಟರಾಯ್ತು ಅಲ್ವಾ? ಲೋಹ ಸೇರಿಸಿ ನಕಲಿ ಎಂಜೈಮ್ ಮಾಡುವ ತಾಪತ್ರಯ ಯಾಕೆ?

ಒಂದು ಆಲೂಗಡ್ಡೆ ತಗೊಳ್ಳಿ. ಅರ್ಧ ಹಸಿಯಾಗಿಯೇ ಇರಲಿ, ಇನ್ನರ್ಧ ಚೆನ್ನಾಗಿ ಬೇಯಿಸಿ. ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಕೊಡುವ ಹೈಡ್ರೋಜನ್ ಪೆರಾಕ್ಸೈಡನ್ನು ಎರಡರ ಮೇಲೂ ನಾಲ್ಕು ಹನಿ ಬಿಡಿ. ಹಸಿ ತುಂಡಿನ ಮೇಲೆ ಬುಸುಬುಸು ನೊರೆ ಬರುತ್ತದೆ. ಬೆಂದದ್ದು ಸುಮ್ನೆ ಕೂತಿರುತ್ತದೆ.

ಪೆರಾಕ್ಸೈಡನ್ನು ಒಡೆದು ನೊರೆ ಬರಿಸಿದ್ದು ಕ್ಯಾಟಲೇಸ್ ಎಂಬ ಎಂಜೈಮ್. ಅದರೊಳಗೆ ನಿಜವಾದ ಕೆಲಸ ಮಾಡುವುದು ಕಬ್ಬಿಣದ ಪರಮಾಣು. ಬೇಯಿಸಿದರೆ ಆ ಕಬ್ಬಿಣ ಎಲ್ಲೂ ಓಡಿಹೋಗುವುದಿಲ್ಲ, ಪಾತ್ರೆಯಲ್ಲೇ ಇರುತ್ತದೆ, ಆದರೆ ಅದನ್ನು ಸರಿಯಾದ ಭಂಗಿಯಲ್ಲಿ ಹಿಡಿದಿದ್ದ ಪ್ರೋಟೀನಿನ ಮಡಿಕೆ ಬಿಚ್ಚಿಹೋಗಿರುತ್ತದೆ. ಅಂದರೆ ಲೋಹ ಇದ್ದರಷ್ಟೇ ಸಾಲದು, ಹಿಡಿತವೂ ಬೇಕು. ಹಾಗಾದರೆ ಅದೇ ಲೋಹಕ್ಕೆ ಚಿಕ್ಕದಾದ, ಗಟ್ಟಿಯಾದ ಬೇರೆ ಹಿಡಿತ ಕೊಟ್ಟರೆ? ನಕಲಿ ಎಂಜೈಮಿನ ಕಥೆ ಇಷ್ಟೇ.

ಔಷಧಿಯ ವಿಷಯಕ್ಕೆ ಬರೋಣ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಒಂದು ಎಂಜೈಮಿನ ಕೆಲಸ ಪತ್ತೆ ಮಾಡಿದರು. ಅದೇ ಸೂಪರ್ಆಕ್ಸೈಡ್ ಡಿಸ್ಮ್ಯುಟೇಸ್. ಜೀವಕೋಶಗಳನ್ನು ಕೆಡಿಸುವ ಸೂಪರ್ಆಕ್ಸೈಡನ್ನು (ಒಂದು ಎಲೆಕ್ಟ್ರಾನ್ ಹೆಚ್ಚಿರುವ ಆಕ್ಸಿಜನ್) ಇದು ಹಿಡಿದು ಮುರಿಯುತ್ತದೆ. ಆದರೆ ನುಂಗಿದರೆ ಹೊಟ್ಟೆ ಇದನ್ನೂ ಬೇಳೆ ಸಾರಿನ ಪ್ರೋಟೀನ್ ತರಾನೇ ಅರಗಿಸಿಬಿಡುತ್ತದೆ. ಇಂಜೆಕ್ಷನ್ ಕೊಟ್ಟರೆ ರಕ್ತದಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಗಾತ್ರ ದೊಡ್ಡದು, ಹಾಗಾಗಿ ಜೀವಕೋಶದೊಳಗೆ ನುಗ್ಗುವುದೂ ಕಷ್ಟ.

ಇದರ ನಕಲಿಗಳಲ್ಲಿ ಒಂದರ ಹೆಸರು ಅವಾಸೋಪಾಸೆಮ್. ಐದು ನೈಟ್ರೋಜನ್‌ಗಳಿರುವ ಒಂದು ಬಳೆಯ ನಡುವೆ, ಉಂಗುರದಲ್ಲಿ ಹರಳು ಕೂರಿಸಿದ ಹಾಗೆ, ಒಂದು ಮ್ಯಾಂಗನೀಸ್. ಅಸಲಿಯ ತೂಕ ಸುಮಾರು 32,000 ಡಾಲ್ಟನ್ (ಅಣುಗಳ ತೂಕದ ಅಳತೆ) ಆದರೆ ಇದರದ್ದು 500ಕ್ಕೂ ಕಡಿಮೆ. ಮ್ಯಾಂಗನೀಸ್ ಒಂದು ಸೂಪರ್ಆಕ್ಸೈಡಿಗೆ ಎಲೆಕ್ಟ್ರಾನ್ ಕೊಡುತ್ತದೆ, ಇನ್ನೊಂದರಿಂದ ವಾಪಸ್ ಕಿತ್ತುಕೊಳ್ಳುತ್ತದೆ, ಹೀಗೆ ಕೊಟ್ಟು ತಗೊಂಡು ಮಾಡುತ್ತಲೇ ಇರುತ್ತದೆ. ಒಂದು ಕಡೆ ಆಕ್ಸಿಜನ್, ಇನ್ನೊಂದು ಕಡೆ ಹೈಡ್ರೋಜನ್ ಪೆರಾಕ್ಸೈಡ್ ಹೊರಬರುತ್ತವೆ. ಆ ಪೆರಾಕ್ಸೈಡನ್ನು ನೋಡಿಕೊಳ್ಳಲು ಮೈಯಲ್ಲಿ ಕ್ಯಾಟಲೇಸ್ ಇದ್ದೇ ಇದೆ, ಆಲೂಗಡ್ಡೆಯಲ್ಲಿ ಇದ್ದ ಹಾಗೆ.

ಹಿಡಿತ ಸಡಿಲವಾಗಿ ಲೋಹ ಹೊರಗೆ ಬಿದ್ದರೆ ಮಾತ್ರ ಔಷಧಿಯೇ ತಲೆನೋವು. ನಕಲಿ ಎಂಜೈಮ್ ಮಾಡುವ ಸಂಶೋಧಕರ ಅರ್ಧ ಆಯುಷ್ಯ ಬಳೆ ಬಿಗಿ ಮಾಡುವುದರಲ್ಲೇ ಕಳೆಯುತ್ತದೇನೋ!

ತಲೆ, ಕುತ್ತಿಗೆಯ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟಾಗ ಸೂಪರ್ಆಕ್ಸೈಡ್ ಹೆಚ್ಚಿ, ಬಾಯಿ ತುಂಬ ಹುಣ್ಣಾಗಿ ನೀರು ಕುಡಿಯುವುದೂ ಕಷ್ಟವಾಗುತ್ತದೆ. ಅವಾಸೋಪಾಸೆಮನ್ನು ಪರೀಕ್ಷಿಸಿದ್ದು ಅದಕ್ಕೇ. ದೊಡ್ಡ ಪ್ರಯೋಗದಲ್ಲಿ ಔಷಧಿ ಸಿಗದವರಲ್ಲಿ 64% ಜನರಿಗೆ ತೀವ್ರ ಹುಣ್ಣಾದರೆ, ಸಿಕ್ಕವರಲ್ಲಿ 54%. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎಗೆ ಇಷ್ಟು ಸಾಲಲಿಲ್ಲ. 2023ರಲ್ಲಿ ಒಪ್ಪಿಗೆ ಕೊಡದೆ, ಇನ್ನೊಂದು ಪ್ರಯೋಗ ಮಾಡಿಕೊಂಡು ಬನ್ನಿ ಎಂದಿತು.